ಪೌಡರ್ ಹಚ್ಚಿದ ಮರಿ

1999ರ ಜುಲೈನ ಒಂದು ಬೆಳಿಗ್ಗೆ, ಕೂಡ್ಲಿಗಿ ತಾಲ್ಲೂಕಿನ ನಮ್ಮ ಶಾಲೆಯ ನಾಲ್ಕನೇ ತರಗತಿಯ ಮಕ್ಕಳು ಒಂದು ಕುರಿಮರಿಗೆ ಮುಖದ ಪೌಡರ್ ಹಚ್ಚಿದರು. ತಾಯಿ ಕುರಿ ಅದನ್ನು ಹತ್ತಿರ ಸೇರಿಸಲಿಲ್ಲ.

ಆ ತರಗತಿಯ ಮೇಷ್ಟ್ರು ನಾನು. ಮಕ್ಕಳ ಪ್ರಶ್ನೆಗೆ ಉತ್ತರ ಹೇಳಬಾರದು, ಅವರೇ ನೋಡಿ, ಮಾಡಿ ಕಂಡುಕೊಳ್ಳಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ಈ ಪ್ರಶ್ನೆಯ ಉತ್ತರ ನನಗೂ ಗೊತ್ತಿರದ ಕಾರಣ ನಿಯಮ ಪಾಲಿಸುವುದು ಸುಲಭವಾಯಿತು. ಅಷ್ಟು ಮರಿಗಳಲ್ಲಿ ಕುರಿ ತನ್ನದನ್ನು ಹೇಗೆ ಗುರುತಿಸುತ್ತದೆ? ಕೇಳಿದವಳು ಕುರಿ ಸಾಕುವ ಮನೆಯ ಹುಡುಗಿ. ದನಿಯಿಂದ ಎಂದು ಅರ್ಧ ತರಗತಿ, ವಾಸನೆಯಿಂದ ಎಂದು ಉಳಿದವರು. ಶಾಲೆಯ ಹಿಂದೆಯೇ ಹುಡುಗಿಯ ಮನೆಯವರ ಮುಳ್ಳುಬೇಲಿಯ ಕುರಿರೊಪ್ಪ. ಹೊಸದಾಗಿ ಈದ ಕುರಿಗಳನ್ನು ಮೇಯಲು ಬಿಟ್ಟಿರಲಿಲ್ಲ. ದನಿ ಬದಲಿಸಲು ಯಾರಿಗೂ ಬರದ ಕಾರಣ ವಾಸನೆ ಬದಲಿಸಿದರು.

ಮರಿ ಕೂಗಿತು. ಕುರಿ ಓಡಿ ಬಂತು, ಮೂಸಿತು, ತಲೆಯಿಂದ ಗುದ್ದಿ ಹೋಯಿತು. ಮತ್ತೆ ಕೂಗಿತು, ಮತ್ತೆ ಬಂತು, ಮತ್ತೆ ಗುದ್ದಿತು.

“ಕಿವಿ ಕರಕೊಂಡ್ ಬರ್ತೈತ್ರಿ ಸಾರ್, ಮೂಗು ಒಪ್ಪವಲ್ದು,” ಎಂದು ಹುಡುಗಿ ವರದಿ ಕೊಟ್ಟಳು. ಎರಡೂ ಕಡೆಯವರು ತಾವೇ ಗೆದ್ದೆವೆಂದು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಅವಳ ಅಜ್ಜಿ ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ತರಗತಿಗೇ ಬಂದರು. ಮರಿ ಹಸಿದು ಅರಚುತ್ತಿತ್ತು. ಕೋಣೆಯೆಲ್ಲ ಮದುವೆಮನೆಯ ವಾಸನೆ.

“ಏನ್ರಿ ಮೇಷ್ಟ್ರ, ಇದನ್ನೇನು ಕನ್ಯಾ ತೋರ್ಸಾಕ ತಯಾರ್ ಮಾಡೀರೇನು? ಸಂಜಿಮಟ ತಾಯಿ ಸೇರಿಸ್ಕೊಂಡ್ರ ಸರಿ. ಇಲ್ಲಂದ್ರ ನಾಳಿಂದ ಇಕಿ ಸಾಲಿ ಬಂದ್. ಮನ್ಯಾಗ ಕುಂತು ಇದಕ್ಕ ಬಾಟ್ಲಿ ಹಾಲು ಕುಡಿಸ್ಲಿ.”

ಹುಡುಗಿಯ ಕಣ್ಣು ತುಂಬಿತು. ಗಣಿತ ನಿಲ್ಲಿಸಿ ಹಲಗೆಯ ಮೇಲೆ ಹೊಸ ಪ್ರಶ್ನೆ ಬರೆದೆ: ಪೌಡರ್ ವಾಸನೆ ಹೋಗುವುದು ಹೇಗೆ? ಒಬ್ಬ ಸಾಬೂನು ಎಂದ.

“ಲೇ, ಅದೂ ವಾಸ್ನಿನೇ ಅಲ್ಲೇನಲೇ,” ಎಂದಳು ಹುಡುಗಿ, ಕಣ್ಣೊರೆಸಿಕೊಳ್ಳುತ್ತ.

ಬರೀ ನೀರಿನಲ್ಲಿ ತೊಳೆದರು, ಕುರಿ ಗುದ್ದಿತು. ರೊಪ್ಪದ ಮಣ್ಣಿನಲ್ಲಿ ಹೊರಳಿಸಿದರು. ಮೂಸಿ, ಯೋಚಿಸಿ, ಗುದ್ದಿತು. ಕೊನೆಗೆ ಹುಡುಗಿ ಆ ಕುರಿಯದೇ ಹಾಲು ಕರೆದು ಮರಿಯ ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಕುರಿ ಮೂಸಿತು. ನೆಕ್ಕಿತು. ಗುದ್ದಲಿಲ್ಲ. ಮರಿ ಬಾಲ ಅಲ್ಲಾಡಿಸುತ್ತ ಕೆಚ್ಚಲಿಗೆ ಬಾಯಿ ಹಾಕಿತು. ತರಗತಿಯವರು ಉಸಿರು ಬಿಟ್ಟರು, ನಾನೂ ಬಿಟ್ಟೆ.

ಮರುದಿನ ಹುಡುಗಿ ಶಾಲೆಗೆ ಬಂದಳು. ಅಜ್ಜಿ ಬಾಗಿಲವರೆಗೆ ಜೊತೆಗೆ ಬಂದು, ಮನೆಯಲ್ಲಿ ಕೋಳಿ ಕಾವಿಗೆ ಕೂತಿದೆ, ಅದರ ಬಗ್ಗೆ ಮಾತ್ರ ಮಕ್ಕಳಿಂದ ಯಾವ ಪ್ರಶ್ನೆಯನ್ನೂ ಕೇಳಿಸಬೇಡಿರೆಂದು ಹೇಳಿ ಹೋದರು.