ಮಾಜಿ ಅಧ್ಯಕ್ಷರ ಗೊಗ್ಗರು ದನಿ

ಸಭೆಯ ಮುಂದೆ ಪತ್ರ ಬಿಡಿಸಿದರೆ ಮೊದಲ ಸಾಲೇ ನನ್ನನ್ನು ತಡೆದು ನಿಲ್ಲಿಸಿತು: “ಲೇ ಕೋತಿ, ಗಂಟಲಿನ ಆಪರೇಷನ್ ಆದ್ಮೇಲೆ ನನ್ನ ದನಿ ನಿನ್ನ ಹತ್ರ ಮಾತ್ರ ಉಳಿದಿದೆ. ಅದರಲ್ಲೇ ಓದು.”

ಕೈಯಾರೆ ಬರೆದಿದ್ದವರು ಜಪಾನಿನ ನಮ್ಮ ಪುಟ್ಟ ಕನ್ನಡ ಸಂಘದ ಮಾಜಿ ಅಧ್ಯಕ್ಷರು; ಅವರು ಆಗಲೇ ಮೈಸೂರಿಗೆ ಮರಳಿದ್ದರು. ಪ್ರತಿ ಯುಗಾದಿಗೂ ಅವರ ದನಿಯನ್ನು ಅಣಕಿಸಿಯೇ ನಾನು ಎರಡನೇ ಹೋಳಿಗೆ ಗಿಟ್ಟಿಸುತ್ತಿದ್ದವನು. ಅಂದು ಓಜಿಮಾ ಬಡಾವಣೆಯವರ ಬಣ, ಯೋಕೋಹಾಮಾ ನಗರದವರ ಬಣ ಅಧ್ಯಕ್ಷ ಸ್ಥಾನಕ್ಕಾಗಿ ಸಂಘವನ್ನೇ ಒಡೆಯಲು ನಿಂತಿದ್ದವು. ಕೆಮ್ಮಿ, ಅವರಂತೆಯೇ ಗುಡುಗುತ್ತ ಓದಿದೆ: “ಮೊದಲು ಬಿಸಿಬೇಳೆಬಾತ್ ಬಡಿಸ್ರೋ, ಓಟು ಆಮೇಲೆ! ಇರೋದೊಂದು ಪಾತ್ರೆ, ಅದಕ್ಕೆ ಎರಡು ಪಾರ್ಟಿ ಯಾಕ್ರೋ?” ಎರಡೂ ಬಣದವರು ನಕ್ಕು, ಕಣ್ಣೊರೆಸಿಕೊಂಡು, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದರು.

ಸಂಘ ಉಳಿಯಿತು. ಆ ದನಿ ಮರೆತುಹೋಗದಿರಲೆಂದು ಈಗಲೂ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡುತ್ತೇನೆ. ಪಕ್ಕದ ಮನೆಯವರು ಗೋಡೆ ತಟ್ಟಿದರೆ ಕ್ಷಮೆಯನ್ನೂ ಅದೇ ದನಿಯಲ್ಲಿ ಕೇಳುತ್ತೇನೆ: “ಸುಮಿಮಾಸೆನ್!”