ಕೋರಾ ಕ್ಯಾಸೆಟ್ಟಿನ ಪಾಠ

ಯಾರಾದರೂ ದೆವ್ವ, ಪವಾಡ ಎಂದು ಶುರು ಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ಅಷ್ಟೇ. ಆದರೆ ಕಲ್ಯಾಣದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಡೆದ ಒಂದು ಸಂಗತಿಗೆ ಏನೆನ್ನಬೇಕೋ ನನಗೆ ತಿಳಿಯದು. ನಿಮಗಾದರೂ ಹೊಳೆದೀತು ಎಂದು ಬರೆಯುತ್ತಿದ್ದೇನೆ.

ಸಂಗೀತ ವಿಭಾಗದ ಹಳೆಯ ಕ್ಯಾಸೆಟ್ಟುಗಳನ್ನು ಕ್ಯಾಟಲಾಗ್ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಪುಸ್ತಕವಾದರೆ ಮೊದಲ ಪುಟ ನೋಡಿದರೆ ಮುಗಿಯಿತು, ಕ್ಯಾಸೆಟ್ಟನ್ನು ಕೇಳಲೇಬೇಕು. ಸಾಲದ್ದಕ್ಕೆ ಯಾರೋ ಪುಣ್ಯಾತ್ಮರು ಧೂಳು ಒರೆಸಲೆಂದು ಡಬ್ಬಿಗಳನ್ನೆಲ್ಲ ಬಿಚ್ಚಿ, ಸಿಕ್ಕ ಕ್ಯಾಸೆಟ್ಟನ್ನು ಸಿಕ್ಕ ಡಬ್ಬಿಗೆ ತುರುಕಿದ್ದರು. ಹೆಸರು ಇದ್ದದ್ದು ಡಬ್ಬಿಗಳ ಮೇಲೆ ಮಾತ್ರ! ಹಾಡಿದವರು ಯಾರು, ರಾಗ ಯಾವುದು ಎಂದು ಹೆಡ್‌ಫೋನ್ ಸಿಕ್ಕಿಸಿಕೊಂಡು ತಡಕಾಡುತ್ತ ನನಗೆ ಸಾಕುಸಾಕಾಗಿತ್ತು.

ಕೈಬಿಡುವಂತೆಯೂ ಇರಲಿಲ್ಲ. ಅದೇ ವಿಭಾಗದಲ್ಲಿ ಬಹುಕಾಲ ಹಾಡು ಕಲಿಸಿ ನಿವೃತ್ತರಾದ ಉಡುಪಿ ಕಡೆಯ ಸುಮತಿ ಟೀಚರಿಗೆ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿತ್ತು, ಪಿಸುಮಾತಷ್ಟೇ ಉಳಿದಿತ್ತು. ಅವರು ಹಾಡಿದ್ದನ್ನು ನಾನು ಕೇಳಿದವಳಲ್ಲ, ಅವರ ಮೊಮ್ಮಗಳೂ ಕೇಳಿರಲಿಲ್ಲ. "ನಾನು ಪ್ರೋಗ್ರಾಮಿನಲ್ಲಿ ಹಾಡಿದ್ದು ಒಂದಾದ್ರೂ ಸಿಕ್ತದಾ ನೋಡು ಮಾರಾಯ್ತಿ, ಇವಳಿಗೆ ಕೇಳಿಸ್ಬೇಕಿತ್ತು" ಎಂದು ನನ್ನಲ್ಲಿ ಬೇಡಿಕೊಂಡಿದ್ದರು.

ಒಂದು ಮಧ್ಯಾಹ್ನ ಸಿಕ್ಕಿತು. ತಂಬೂರಿಯ ಜೊತೆ ಹೆಂಗಸಿನ ತುಂಬು ದನಿ, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಕೊಡುತ್ತಿತ್ತು. ವಿವರಣೆ ಮರಾಠಿಯಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ: "ಉಸಿರು ಯಾಕೆ ನುಂಗುದು? ಪುನಃ ಹೇಳು!" ನಮ್ಮ ಕಾಲೇಜಿನಲ್ಲಿ ಉಡುಪಿ ಕಡೆಯ ಕನ್ನಡದಲ್ಲಿ ಬೈಯುವವರು ಇನ್ಯಾರು? ಗಾಯಕಿಯ ಜಾಗದಲ್ಲಿ ಅವರ ಹೆಸರು ಟೈಪ್ ಮಾಡಿ, ಖುಷಿಯಿಂದ ಫೋನ್ ಮಾಡಿದೆ.

ಮರುದಿನ ಟೀಚರ್ ಮೊಮ್ಮಗಳ ಕೈ ಹಿಡಿದು, ಲೋಕಲ್ ರೈಲಿನ ಗರ್ದಿಯಲ್ಲಿ ಡೊಂಬಿವ್ಲಿಯಿಂದ ಬಂದರು. ಕ್ಯಾಸೆಟ್ ಹಾಕಿದೆ. ಬರೀ ಸುಂಯ್ ಎನ್ನುವ ಸದ್ದು. ತಿರುಗಿಸಿ ಹಾಕಿದೆ, ಅದೇ. ಬೇರೆ ಪ್ಲೇಯರ್ ತಂದೆ, ಅದೇ. "ಮ್ಯಾಡಮ್, ಯೇ ತೋ ಕೋರಾ ಹೈ" ಎಂದು, ಏನೂ ತುಂಬದ ಖಾಲಿ ಕ್ಯಾಸೆಟ್ಟೆಂದ ಸಹೋದ್ಯೋಗಿ ಸಾವಂತನ ಮೇಲೆ ರೇಗಿದೆ. ಅದಲುಬದಲಾಯಿತೇ? ನಾನೇ ಅದಕ್ಕೆ ಚೀಟಿ ಅಂಟಿಸಿ, ಡ್ರಾಯರಿಗೆ ಬೀಗ ಹಾಕಿ, ಕೀಲಿಯನ್ನು ಮನೆಗೆ ಒಯ್ದಿದ್ದೆ. ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಕೇಳಿದ್ದನ್ನೆಲ್ಲ ಬಾಯಲ್ಲಿ ಹೇಳಿದೆ, ಬೈಗುಳವನ್ನೂ. ಟೀಚರ್ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

"ನಾನು ಹಾಗೇ ಬೈಯ್ತಿದ್ದದ್ದು. ಆದ್ರೆ ಪಾಠ ರೆಕಾರ್ಡ್ ಮಾಡ್ಲಿಕ್ಕೆ ಬಿಡ್ತಾನೇ ಇರ್ಲಿಲ್ಲ. ನಮ್ಮ ಗುರುಗಳ ಕಟ್ಟಪ್ಪಣೆ ಅದು. ಕ್ಲಾಸಿಗೆ ಬಂದ ಕೂಡ್ಲೆ ಮಿಶಿನ್ನಿನ ವಯರೇ ಕಿತ್ತಿಡ್ತಿದ್ದೆ."

ಮೊಮ್ಮಗಳಿಗೆ ಇದೊಂದೂ ಬೇಕಿರಲಿಲ್ಲ. "ಆಂಟಿ, ಆಪ್‌ನೇ ಸುನಾ ನಾ? ಅಜ್ಜಿ ಕೈಸೇ ಗಾತೀ ಥೀ?" ಎಂದು, ಅಜ್ಜಿ ಹೇಗೆ ಹಾಡುತ್ತಿದ್ದರು ಎಂಬುದನ್ನು ಕೇಳಿದವಳು ನಾನೊಬ್ಬಳೇ ಎನ್ನುವಂತೆ ನನ್ನ ಮುಖ ನೋಡಿದಳು.

ಏನು ಮಾಡಲಿ? ಹಾಡಿನ ಗಂಧಗಾಳಿ ಇಲ್ಲದ ನಾನು ಗ್ರಂಥಾಲಯದ ನಡುವೆ ನಿಂತು ಆ ಸಾಲನ್ನು ಹಾಡಿದೆ. ಅದು ಸರಾಗವಾಗಿ ಬಂತು. ಟೀಚರ್ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಕೊನೆಗೆ ಎಡವಿದಾಗ ಬೆರಳು ನಿಲ್ಲಿಸಿ, ಗಾಳಿಯಲ್ಲಿ ಕೈಯಾಡಿಸಿ ಸ್ವರ ತೋರಿಸಿದರು. ಹುಡುಗಿ ನನ್ನ ಹಿಂದೆ ಹೇಳತೊಡಗಿದಳು. ಅವಳಿಗೆ ಬರುವವರೆಗೆ ಅವರು ನಮ್ಮಿಬ್ಬರನ್ನೂ ಬಿಡಲಿಲ್ಲ.

ನಾನು ಕೇಳಿದ್ದೇನು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಆ ಸಂಜೆ ರೈಲಿನಲ್ಲಿ ಆ ಸಾಲನ್ನು ಗುನುಗಲು ಹೋದೆ, ಬರಲಿಲ್ಲ. ಆಮೇಲೂ ಎಂದೂ ಬಂದಿಲ್ಲ. ನೆನಪಾಗಿ ತಡೆಯದಾದಾಗ ಆ ಹುಡುಗಿಗೆ ಫೋನ್ ಮಾಡುತ್ತೇನೆ. ಅವಳು ಹಾಡುತ್ತಾಳೆ.