ಸ್ಕ್ಯಾನರ್ ಗಾಜಿಗೆ ಕುಂಕುಮ

ನಮ್ಮ ರಕ್ತಪರೀಕ್ಷೆ ಲ್ಯಾಬಿನ ವಾರ್ಷಿಕ ಸಂಚಿಕೆಗೆ ಮಂಜುಶ್ರೀಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡು ಎಂದು ಯಜಮಾನರಾದ ಚನ್ನಕೇಶವ ಅವರು ಹೇಳಿದ್ದು ನನಗೆ. ಇಡೀ ಆಫೀಸಿನಲ್ಲಿ ಇನ್ಯಾರೂ ಸಿಗಲಿಲ್ಲ ಅವರಿಗೆ. ಬರೆದುಕೊಟ್ಟೆ. ಶ್ರಮಜೀವಿ, ನಗುಮುಖದವರು ಎಂದೆಲ್ಲ ಬರೆದೆ, ಅಚ್ಚಾಗುತ್ತದೆ. ಅದರಲ್ಲಿ ಹಾಕದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವಳು ಬರುವ ಮುಂಚೆ ಈ ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ನಾನೇ ದಿಕ್ಕು. ಮುಖ್ಯ ಆಫೀಸು ಯಶವಂತಪುರದಲ್ಲಿ. ನಾಗಸಂದ್ರ, ಆರ್.ಟಿ. ನಗರ, ಯಲಹಂಕ, ಜಕ್ಕೂರು ಅಂತ ಸುತ್ತ ಬ್ರಾಂಚುಗಳು. ಎಲ್ಲಿ ಏನು ಕೆಟ್ಟರೂ ಫೋನು ನನಗೆ. "ಶಿವರಾಮಣ್ಣ, ಪ್ರಿಂಟರ್ ಸತ್ತೋಯ್ತು, ಬೇಗ ಬನ್ನಿ!" ಬೆನ್ನಿಗೆ ಬ್ಯಾಗು ಏರಿಸಿ, ಬೈಕಿನಲ್ಲಿ ಗೊರಗುಂಟೆಪಾಳ್ಯದ ಹೊಗೆ ಕುಡಿದು ಹೋಗುತ್ತಿದ್ದೆ. ಹೋದ ಕಡೆಯೆಲ್ಲ ಕುರ್ಚಿ, ಫ್ಯಾನು, ಕಾಫಿ. ಜಕ್ಕೂರಿನ ಬಿಲ್ಲಿಂಗ್ ಕೌಂಟರಿನ ನಾರಾಯಣಮ್ಮನಂತೂ ಊಟ ಮಾಡಿಸದೆ ಬಿಡುತ್ತಿರಲಿಲ್ಲ. ಅವರು ಹಳೇ ಊರಿನವರು, ಮನೆ ಲ್ಯಾಬಿನ ಹಿಂದಿನ ಬೀದಿಯಲ್ಲೇ. "ಮಿಶಿನ್ನು ಎಲ್ಗೂ ಓಗಲ್ಲ, ಮೊದ್ಲು ಉಣ್ಣಪ್ಪ" ಅನ್ನುತ್ತಿದ್ದರು. ಅವರ ಅವರೆಕಾಳು ಸಾರಿಗಾಗಿ ಬೆಳಿಗ್ಗೆಯೇ ಮುಗಿಯುವ ರಿಪೇರಿಯನ್ನು ಮಧ್ಯಾಹ್ನದ ತನಕ ಎಳೆದದ್ದುಂಟು.

ಆಮೇಲೆ ಬಂದಳು ಮಂಜುಶ್ರೀ. ಯಲಹಂಕದ ಹುಡುಗಿ. ಅಪ್ಪ ಬೈರಣ್ಣನದು ಬಸ್‌ಸ್ಟ್ಯಾಂಡ್ ಹತ್ತಿರ ಹೂವಿನಂಗಡಿ. ಡಿಪ್ಲೊಮಾ ಓದಿ, ಯಾವುದೋ ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಕೂತು ಊರವರ ಬೈಗುಳವೆಲ್ಲ ಕೇಳಿ ಬಂದವಳು. ಅದಕ್ಕೇ ಇರಬೇಕು, ಯಾರು ಎಷ್ಟು ಕೂಗಾಡಿದರೂ ಅವಳ ದನಿ ಏರುವುದಿಲ್ಲ. ನನ್ನದು ಏರುತ್ತದೆ. ಅದಕ್ಕೂ ಅವಳ ಮೇಲೆ ನನಗೆ ಸಿಟ್ಟು.

ಬಂದವಳೇ ಎಲ್ಲ ಕಂಪ್ಯೂಟರುಗಳಿಗೂ, ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವವರ ಮೊಬೈಲುಗಳಿಗೂ ಒಂದು ಸಾಫ್ಟ್‌ವೇರ್ ಹಾಕಿಸಿದಳು. ಹಾಕಿಸಿದ್ದು ಯಾರ ಕೈಯಲ್ಲಿ? ನನ್ನ ಕೈಯಲ್ಲೇ. ಬ್ರಾಂಚ್ ಬ್ರಾಂಚ್ ಸುತ್ತಿ ನಾನೇ ಹಾಕಿ ಬಂದೆ. ಮುಗಿಯಿತು, ಅವಷ್ಟೂ ಅವಳ ಪರದೆಯಲ್ಲಿ ಸಾಲಾಗಿ ಬಂದು ನಿಂತವು. ಸರಿಯಿದ್ದರೆ ಹಸಿರು ಚುಕ್ಕಿ, ಕೆಟ್ಟರೆ ಕೆಂಪು. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಹೊಸ ಬಿಲ್ಲಿಂಗ್ ಸಾಫ್ಟ್‌ವೇರನ್ನು ಎಲ್ಲ ಕಡೆ ಒಟ್ಟಿಗೆ ಇಳಿಸುವುದು, ಮೊಬೈಲಿನೊಳಗಿನ ಆಟಗಳನ್ನು ಕಿತ್ತುಹಾಕುವುದು, ಎಲ್ಲ ಕೂತಲ್ಲಿಂದಲೇ. ಒಮ್ಮೆ ಸ್ಯಾಂಪಲ್ ತರುವ ಸತೀಶ ಹೆಬ್ಬಾಳದಲ್ಲಿ ಇಳಿಯುವಾಗ ಲ್ಯಾಬಿನ ಮೊಬೈಲನ್ನು ಬಸ್ಸಿನಲ್ಲೇ ಬಿಟ್ಟ. ಅವನು ಅಳುಮುಖ ಮಾಡಿಕೊಂಡು ಆಫೀಸಿಗೆ ಬರುವಷ್ಟರಲ್ಲಿ ಅವಳು ಅದಕ್ಕೆ ಬೀಗ ಹಾಕಿ, ಪರದೆಯ ಮೇಲೆ ಆಫೀಸಿನ ನಂಬರ್ ಮೂಡಿಸಿದ್ದಳು. ಕಂಡಕ್ಟರ್ ಫೋನು ಮಾಡಿಯೂ ಆಗಿತ್ತು. ಮೊದಲಾಗಿದ್ದರೆ ಸತೀಶನನ್ನು ಹಿಂದೆ ಕೂರಿಸಿಕೊಂಡು ನಾನು ಡಿಪೋಗಳನ್ನೆಲ್ಲ ಸುತ್ತುತ್ತಿದ್ದೆ. ಮೊಬೈಲು ಸಿಗುತ್ತಿರಲಿಲ್ಲ, ಅದು ಬೇರೆ ಮಾತು.

ಜಕ್ಕೂರಾದರೂ ನನ್ನ ಪಾಲಿಗೆ ಉಳಿಯುತ್ತದೆ ಅಂದುಕೊಂಡಿದ್ದೆ. ಅವಳು ಇಲ್ಲಿಂದಲೇ ಅಲ್ಲಿನ ಕಂಪ್ಯೂಟರ್ ಹಿಡಿದು ಸರಿಮಾಡಿದ ಮೊದಲ ದಿನ ನಾರಾಯಣಮ್ಮ ಗಾಬರಿಯಾಗಿ ನನಗೆ ಫೋನು ಮಾಡಿದರು. "ಶಿವರಾಮಪ್ಪ, ಬಾಣದ ಗುರ್ತು ತಾನೇ ತಾನಾಗಿ ಓಡಾಡ್ತೈತೆ. ಏನೋ ಮೆಟ್ಕೊಂಡೈತೆ ಕಣಪ್ಪ!" ನನಗೆ ಎಂಥ ಖುಷಿ! ಆದರೆ ಸ್ವಲ್ಪ ದಿನದಲ್ಲೇ ಅವರಿಗೆ ಆ ದೆವ್ವದ ಹೆಸರು ಮಂಜು ಎಂದು ಗೊತ್ತಾಗಿ, ಫೋನಿನಲ್ಲಿ "ಏನ್ ಮಗಾ, ತಿಂಡಿ ಆಯ್ತಾ?" ಎಂದು ವಿಚಾರಿಸುವ ಮಟ್ಟಕ್ಕೆ ಬಂದರು.

ಯಜಮಾನರು ನನ್ನನ್ನು ಕರೆದರು. "ಇನ್ಮೇಲೆ ಸುಮ್ಸುಮ್ನೆ ಸುತ್ತೋದು ಬೇಡ ಶಿವರಾಮ್. ಯಾವ್ದಾದ್ರೂ ಬ್ರಾಂಚಿನವ್ರು ಕರೆದ್ರೆ ಹೋಗು. ಇಲ್ಲಾಂದ್ರೆ ಇಲ್ಲೇ ಸ್ಟೋರ್ ನೋಡ್ಕೊ." ಕರೆದರೆ ಹೋಗು ಅಂದರು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು, ಯಾರೂ ಕರೆಯಲಿಲ್ಲ. ಸ್ಟೋರಿನಲ್ಲಿ ಹಳೇ ಮೌಸುಗಳ ನಡುವೆ ಕೂತು, ಆಚೆ ಅವಳ ಫೋನು ಬಡಿದುಕೊಳ್ಳುವುದನ್ನು ಕೇಳುತ್ತಿದ್ದೆ.

ಆದರೂ ಒಂದು ದಿನದ ಮೇಲೆ ನನಗೆ ಭರವಸೆಯಿತ್ತು, ಆಯುಧಪೂಜೆಯ ಮಾರನೇ ದಿನ. ಪೂಜೆಗೆ ನಮ್ಮ ಜನ ಕಂಪ್ಯೂಟರಿಗೂ ಅರಿಶಿನ ಕುಂಕುಮ ಹಚ್ಚುತ್ತಾರೆ, ಪ್ರಿಂಟರಿಗೂ ಹಚ್ಚುತ್ತಾರೆ, ಸ್ಯಾಂಪಲ್ ಟ್ಯೂಬಿನ ಬಾರ್‌ಕೋಡ್ ಓದುವ ಸ್ಕ್ಯಾನರಿಗೂ ಹಚ್ಚುತ್ತಾರೆ. ಎಲ್ಲಿಗೆ? ಸರಿಯಾಗಿ ಅದರ ಗಾಜಿನ ಮೇಲೆ, ದೇವರ ಹಣೆಗೆ ಇಟ್ಟ ಹಾಗೆ. ಮಾರನೇ ದಿನ ಒಂದು ಟ್ಯೂಬನ್ನೂ ಅದು ಓದುವುದಿಲ್ಲ. ಪ್ರತಿ ವರ್ಷ ಆ ದಿನ ನಾನು ಹತ್ತಿ ಹಿಡಿದು ಎಲ್ಲ ಬ್ರಾಂಚು ಸುತ್ತಿ ಕುಂಕುಮ ಒರೆಸುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕಾದಿದ್ದರೆ ಆಗುತ್ತಿತ್ತು. ಒಂದು ದಿನ ಟೀ ಹೊತ್ತಿನಲ್ಲಿ ತಡೆಯಲಾಗದೆ ಅವಳಿಗೆ ಚುಚ್ಚಿಬಿಟ್ಟೆ. "ಎಲ್ಲಾ ಕಾಣತ್ತಲ್ಲಮ್ಮ ನಿನ್ಗೆ? ಗಾಜಿನ ಮೇಲೆ ಕುಂಕುಮ ಇಟ್ರೆ ಯಾವ ಚುಕ್ಕಿ ಬರತ್ತೆ?"

"ಹಸಿರೇ ಬರತ್ತೆ ಅಣ್ಣ, ಗೊತ್ತೇ ಆಗಲ್ಲ" ಅಂದಳು. ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ.

ಆಯುಧಪೂಜೆಯ ಬೆಳಿಗ್ಗೆ ಎಲ್ಲ ಬ್ರಾಂಚಿನ ಎಲ್ಲ ಪರದೆಗಳ ಮೇಲೂ, ಎಲ್ಲ ಮೊಬೈಲುಗಳ ಮೇಲೂ ಒಂದೇ ಸಂದೇಶ ಮೂಡಿತು. "ಸ್ಕ್ಯಾನರಿನ ಗಾಜಿಗೆ ಕುಂಕುಮ ಹಚ್ಚಬೇಡಿ, ಹಿಡಿಗೆ ಹಚ್ಚಿ. ಇದು ಶಿವರಾಮಣ್ಣ ಹೇಳಿದ್ದು." ನನ್ನ ಹೆಸರು ಅಷ್ಟು ಜನರ ಕಣ್ಣಿಗೆ ಒಟ್ಟಿಗೆ ಬಿದ್ದದ್ದು ಅದೇ ಮೊದಲು. ಕಡಲೆಪುರಿ ಹಂಚುವಾಗ ಎಲ್ಲರೂ ಶಹಬ್ಬಾಸ್ ಅಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಸರನ್ನೇ ಕಳಿಸಿ ನನ್ನ ಕೆಲಸವನ್ನು ಮುಗಿಸಿಬಿಟ್ಟಿದ್ದಳು. ಮೋಸ ಮಾಡಿದ್ದರೆ ಬೈಯಬಹುದಿತ್ತು, ಮರ್ಯಾದೆ ಕೊಟ್ಟವಳಿಗೆ ಏನನ್ನಲಿ?

ಮಾರನೇ ದಿನ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ನಾಗಸಂದ್ರ ಸುಮ್ಮನಿತ್ತು, ಆರ್.ಟಿ. ನಗರ ಸುಮ್ಮನಿತ್ತು. ಹತ್ತಿಯ ಸುರುಳಿ ಬ್ಯಾಗಿನಲ್ಲೇ ಇತ್ತು. ಊಟದ ಹೊತ್ತಿಗೆ ಫೋನು ಬಂತು.

"ಸ್ಕ್ಯಾನರ್ ಓದ್ತಾ ಇಲ್ಲ ಕಣಪ್ಪ, ಬಾ" ಅಂದರು ನಾರಾಯಣಮ್ಮ.

ಬ್ಯಾಗು ಏರಿಸುವಾಗ ಮಂಜುಶ್ರೀ ಎದ್ದು ಬಂದಳು. "ಜಕ್ಕೂರಿಗಾ ಅಣ್ಣ? ನಾನೂ ಬರ್ಲಾ? ಸೇರಿದಾಗಿಂದ ಒಂದು ಬ್ರಾಂಚಿನ ಒಳಗೂ ಕಾಲಿಟ್ಟಿಲ್ಲ. ದಿನಾ ಮಾತಾಡ್ತೀನಿ, ನಾರಾಯಣಮ್ಮ ರಸ್ತೇಲಿ ಎದುರಿಗೆ ಬಂದ್ರೂ ನಂಗೆ ಗೊತ್ತಾಗಲ್ಲ."

"ನೀನ್ ಬಂದ್ರೆ ಇಲ್ಲಿ ಚುಕ್ಕಿ ನೋಡೋರ್ ಯಾರಮ್ಮ?" ಅಂದೆ. ಹಿಂದಿನ ಸೀಟು ಖಾಲಿಯೇ ಇತ್ತು. ಖಾಲಿ ಬಿಟ್ಟುಕೊಂಡೇ ಹೋದೆ.

ಜಕ್ಕೂರಿನ ಸ್ಕ್ಯಾನರ್ ನೋಡಿ ನಗು ಬಂತು. ಗಾಜು ಕಾಣದಷ್ಟು ಕುಂಕುಮ, ಮೇಲೊಂದು ಸೇವಂತಿಗೆ.

"ಮೆಸೇಜ್ ಓದ್ಲಿಲ್ವಾ ನಾರಾಯಣಮ್ಮ?"

"ಓದ್ದೆ. ಗಾಜಿಗೆ ಅಚ್ಚಿದ್ರೆ ಕೆಡತ್ತೆ ಅಂತ ಗೊತ್ತಾಯ್ತು, ಅದ್ಕೇ ಅಚ್ದೆ. ಇಲ್ಲಾಂದ್ರೆ ನೀನೆಲ್ಲಿ ಬತ್ತೀಯ? ಉಣ್ಣೋಗು ಮೊದ್ಲು."

ಉಂಡೆ. ತಿಂಗಳುಗಟ್ಟಲೆ ಉಪವಾಸವಿದ್ದವನ ಹಾಗೆ ಉಂಡೆ. ಗಾಜು ಒರೆಸಿ ನಾನು ಹೊರಡುವಾಗ ಅವರು ಸಿಹಿ ಪೊಂಗಲಿನ ಎರಡು ಡಬ್ಬಿ ತಂದರು. "ಇದು ನಿನ್ಗೆ, ಇದು ಆ ಮಗೂಗೆ. ಅಷ್ಟ್ ಚೆಂದಾಗಿ ಮಾತಾಡ್ತೈತೆ, ಒತ್ತಿಗ್ ಸರಿಯಾಗಿ ತಿನ್ತೈತೋ ಇಲ್ವೋ."

ಹೆಬ್ಬಾಳದ ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸಿ ಎರಡೂ ಡಬ್ಬಿ ತೆರೆದು ನೋಡಿದೆ. ನೋಡದೆ ಇರಲು ಆಗಲಿಲ್ಲ. ಅವಳ ಡಬ್ಬಿಯಲ್ಲಿ ಗೋಡಂಬಿ ಜಾಸ್ತಿ ಇತ್ತು. ಹೆಚ್ಚಿಗೆ ಇದ್ದದ್ದನ್ನು ಆರಿಸಿ ತಿಂದು, ಎರಡನ್ನೂ ಸಮ ಮಾಡಿ, ಮುಚ್ಚಳ ಹಾಕಿದೆ.

ಆಫೀಸಿಗೆ ಬಂದಾಗ ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ನಿನ್ನೆಯ ಕಡಲೆಪುರಿ ತಿನ್ನುತ್ತಿದ್ದಳು. ಅದೇ ಅವಳ ಊಟ. ಡಬ್ಬಿ ಮುಂದಿಟ್ಟೆ. ಹೆಡ್‌ಫೋನು ತೆಗೆದಿಟ್ಟಳು. ಕೆಲಸದ ಹೊತ್ತಿನಲ್ಲಿ ಅವಳು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಅವ್ರು ನೋಡೋಕೆ ಹೆಂಗಿದಾರೆ ಅಣ್ಣ?"

ಪರದೆಯ ಕಡೆ ನೋಡಿದೆ. ಜಕ್ಕೂರು ಅಲ್ಲಿ ಒಂದು ಹಸಿರು ಚುಕ್ಕಿ, ಬೇರೇನೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದೆ. ಮೂಗಿನ ಎರಡೂ ಕಡೆ ಬೊಟ್ಟು, ದಾರ ಕಟ್ಟಿದ ಕನ್ನಡಕ, ಜಕ್ಕೂರಿನ ವಿಮಾನ ಕಲಿಸುವ ಶಾಲೆಯ ಪುಟ್ಟ ವಿಮಾನ ತಲೆಯ ಮೇಲೆ ಹಾರಿದಾಗಲೆಲ್ಲ ಚಿಲ್ಲರೆ ಎಣಿಸುವುದನ್ನು ಬಿಟ್ಟು ಅದಕ್ಕೆ ಬೈಯುವುದು, ಊಟ ಸಾಕು ಎಂದರೆ ಕೈಗೇ ಅನ್ನ ಸುರಿಯುವುದು. ಬೇಕೆಂದೇ ನಿಧಾನವಾಗಿ, ರುಚಿ ಹತ್ತಿಸಿ ಹೇಳಿದೆ.

ಅವಳ ಚಮಚ ಅರ್ಧದಲ್ಲೇ ನಿಂತಿತ್ತು. "ಪುಣ್ಯವಂತರು ಬಿಡಿ ನೀವು" ಅಂದಳು. ಎಂದೂ ಏರದ ಆ ದನಿ ಸ್ವಲ್ಪ ಏರಿತ್ತು. ಮುಖ ನೋಡಿದೆ. ಅನುಮಾನವೇ ಇಲ್ಲ, ಹೊಟ್ಟೆಕಿಚ್ಚು. ಅದರ ಗುರುತು ನನಗಿಂತ ಚೆನ್ನಾಗಿ ಯಾರಿಗಿದೆ? ಆ ವರ್ಷದಲ್ಲಿ ಮೊದಲ ಸಲ ನನ್ನ ಹೊಟ್ಟೆ ತಣ್ಣಗಾಯಿತು.

"ಇನ್ನೂ ಹೇಳಿ ಅಣ್ಣ" ಅಂದಳು.

ಹೇಳಿದೆ. ಅವರೆಕಾಳು ಸಾರಿನ ವಿಷಯವೊಂದನ್ನು ಮಾತ್ರ ಹೇಳಲಿಲ್ಲ.